ಬೆಕ್ಕಿಗೆ ಎಲ್ಲಾ ಗೊತ್ತಿರುತ್ತಂತೆ!

"ವಿಷ ಯಾವುದು ಅಂತ ಬೆಕ್ಕಿಗೆ ಹುಟ್ಟಿನಿಂದಲೇ ಗೊತ್ತಿರುತ್ತೆ ಬಿಡ್ರಿ." ನಮ್ಮ ಮುದಗಲ್ಲಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಅಲ್ರೀ, ಈಗ ಲಗ್ನಕ್ಕೆ, ಗೃಹಪ್ರವೇಶಕ್ಕೆ ಬೊಕೆಯಲ್ಲಿ ಬರುವ ಲಿಲ್ಲಿ ಹೂವನ್ನು ಬೆಕ್ಕು ತಿನ್ನಲೇಬೇಕು ಅಂತೇನಿಲ್ಲ. ಪಕ್ಕದಲ್ಲಿ ಸುಳಿದರೆ ಪರಾಗ ಮೈಗೆ ಅಂಟುತ್ತೆ. ಆಮೇಲೆ ಬೆಕ್ಕು ಏನು ಮಾಡುತ್ತೆ? ಮೈ ನೆಕ್ಕಿಕೊಳ್ಳುತ್ತೆ. ಅಷ್ಟು ಸಾಕು! ಹೂದಾನಿಯ ನೀರು ಕುಡಿದರೂ ಅದೇ ಕಥೆ. ಮೊದಲು ವಾಂತಿ, ಮಂಕು... ಒಂದರಿಂದ ಮೂರು ದಿನದೊಳಗೆ ಕಿಡ್ನಿ ಕೈಕೊಡುತ್ತೆ. 18 ಗಂಟೆ ದಾಟಿದ ಮೇಲೆ ಡಾಕ್ಟರ ಹತ್ತಿರ ಒಯ್ದರೆ ಉಳಿಯುವುದು ಬಲು ಕಷ್ಟ. ನಾವೋ, "ಇಲಿಪಾಷಾಣ ತಿಂದಿರಬೇಕು" ಅಂದು ಕೈತೊಳೆದುಕೊಳ್ಳುತ್ತೇವೆ. "ನಮ್ಮ ನಾಯಿಗೆ ಏನೂ ಆಗಲಿಲ್ಲವಲ್ಲ" ಅನ್ನುವವರೂ ಇದ್ದಾರೆ. ನಾಯಿಗೆ ಹೊಟ್ಟೆ ಕೆಡಬಹುದು ಅಷ್ಟೇ ಸ್ವಾಮಿ, ಕಿಡ್ನಿ ಹೋಗುವುದು ಬೆಕ್ಕಿನದು. ಬೊಕೆ ಕೊಡಲೇಬೇಕಾ? ಗುಲಾಬಿ ಕೊಡಿ.

ಹೆಸರಿನ ಗೋಜಲು ಬೇರೆ. ಪೀಸ್ ಲಿಲ್ಲಿ ನಿಜವಾದ ಲಿಲ್ಲಿಯೇ ಅಲ್ಲ. ಅದು, ಮನಿ ಪ್ಲಾಂಟು ಎರಡೂ ಬಾಯಿ ಉರಿಸಿ ಜೊಲ್ಲು ಸುರಿಸುತ್ತವೆ, ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಆದರೆ ಗೇಟಿನ ಪಕ್ಕ ಅಂದಕ್ಕೆ ಇಡುವ ಸೈಕಸ್ ಲಿವರನ್ನೇ ತೆಗೆಯುತ್ತೆ. ಮಾರುವವರಿಗೆ ಮಾತ್ರ ಎಲ್ಲವೂ "ಶೋ ಗಿಡ".

ನಮ್ಮ ರಾಯಚೂರು ಕಡೆ ಹತ್ತಿ ಬೆಳೆಯುವವರನ್ನು ಕೇಳಿ. ಎಣ್ಣೆ ಡಬ್ಬಿಯ ಮೇಲೆ ವಿಷ ಎಷ್ಟು ಅಂತ ಹೇಳುವ ಕೆಂಪು, ಹಳದಿ, ನೀಲಿ, ಹಸಿರು ಗುರುತು ಅವರಿಗೆ ಗೊತ್ತು. ಹೊಲದ ವಿಷಕ್ಕೆ ಗುರುತು ಬೇಕು, ಮನೆಯೊಳಗೆ ತಂದಿಡುವ ವಿಷಕ್ಕೆ ಬೇಡವಾ? ನರ್ಸರಿಯವರು ಕುಂಡಕ್ಕೆ "ಬೆಕ್ಕಿಗೆ ವಿಷ" ಅಂತ ಎರಡು ಪದದ ಕನ್ನಡ ಚೀಟಿ ಅಂಟಿಸಲು ಏನು ಧಾಡಿ?