ಬೆಂಚಿನ ತುದಿಯ ಕುರ್ಚಿ

ಪುಟಾಣಿಗಳೇ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡದಿಂದ ಒಮ್ಮೆಗೆ ಅಂಗಳಕ್ಕಿಳಿಯುವವರು ಐದೇ ಮಂದಿ. ಆದರೆ ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ತಂಡದ ಮುಖ್ಯ ಪಟ್ಟಿಯಲ್ಲಿ 15 ಮಂದಿಗೆ ಜಾಗವಿದೆ. ಉಳಿದವರು ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟುವುದಕ್ಕೇ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಕ್ಲೇ ಥಾಂಪ್ಸನ್‌ನ ಕತೆ ಹೇಳುತ್ತೇನೆ.

2019ರ ಜೂನ್ 13. ಫೈನಲ್ ಸರಣಿಯ ಆರನೆಯ ಪಂದ್ಯ, ಎದುರಾಳಿ ಟೊರಾಂಟೊ ರ‍್ಯಾಪ್ಟರ್ಸ್. ಬುಟ್ಟಿಗೆ ಚೆಂಡು ಹಾಕಲು ಹಾರಿದ ಥಾಂಪ್ಸನ್ ಕೆಳಗಿಳಿಯುವಾಗ ಎಡ ಮೊಣಕಾಲು ತಿರುಚಿತು. ಒಳಗೆ ಹೊರಟಿದ್ದವನು ತಿರುಗಿ ಬಂದು ಎರಡು ಫ್ರೀ ಥ್ರೋ ಎಸೆದ, ಎರಡೂ ಬುಟ್ಟಿಗೆ ಬಿದ್ದವು. ಜನ ಮೆಚ್ಚಿದರು. ನನಗಂತೂ ಈಗ ನೆನೆದರೂ ಎದೆ ಝಲ್ಲೆನ್ನುತ್ತದೆ. ಮೊಣಕಾಲಿನ ಒಳಗೆ ಎರಡು ಮೂಳೆಗಳನ್ನು ಹಿಡಿದಿಡುವ ಹುರಿಯಂಥ ಪಟ್ಟಿ ಹರಿದುಹೋಗಿತ್ತು!

ಈ ಪಟ್ಟಿ ಹರಿದರೆ ಸಾಮಾನ್ಯವಾಗಿ ಹೊಲಿದು ಜೋಡಿಸುವುದಿಲ್ಲ. ಹೆಚ್ಚಾಗಿ ರೋಗಿಯ ಕಾಲಿನಿಂದಲೇ ಇನ್ನೊಂದು ಎಳೆ ತೆಗೆದು ಆ ಜಾಗಕ್ಕೆ ಕಸಿ ಮಾಡುತ್ತಾರೆ. ಕಸಿ ಹಿಡಿದು ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೊದಲು ಕಾಲು ಮಡಚುವುದು, ಆಮೇಲೆ ನಡಿಗೆ, ಆಮೇಲೆ ಓಟ, ಕೊನೆಗೆ ಹಾರುವುದು. ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡ ಅಜ್ಜ-ಅಜ್ಜಿಯರು ಮನೆಯಲ್ಲಿದ್ದರೆ ಕೇಳಿ ನೋಡಿ, ಫಿಸಿಯೋಥೆರಪಿಯ ಮೊದಲ ವಾರ ಹೇಗಿತ್ತೆಂದು ಅವರೇ ಹೇಳುತ್ತಾರೆ.

ಅತ್ತ ತಂಡದ ಗತಿ? ಕೆವಿನ್ ಡುರಾಂಟ್ ಬೇರೆ ತಂಡಕ್ಕೆ ಹೋದ. ಸ್ಟೀಫನ್ ಕರಿಯ ಎಡಗೈ ಮುರಿಯಿತು. ಐದು ವರ್ಷ ಸತತವಾಗಿ ಫೈನಲ್ ಆಡಿದ್ದ ತಂಡ ಆ ವರ್ಷ 65 ಪಂದ್ಯಗಳಲ್ಲಿ ಗೆದ್ದದ್ದು 15. ಇಡೀ ಲೀಗ್‌ನಲ್ಲಿ ಕಡೇ ಸ್ಥಾನ.

ಥಾಂಪ್ಸನ್ ಇನ್ನೇನು ಮರಳಬೇಕು ಎನ್ನುವಾಗ, 2020ರ ನವೆಂಬರ್‌ನಲ್ಲಿ, ಅಭ್ಯಾಸದ ಆಟದಲ್ಲಿ ಬಲಗಾಲಿನ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಹುರಿ ಹರಿಯಿತು. ಮೊದಲ ಗಾಯಕ್ಕಿಂತ ಇದೇ ಕಷ್ಟದ್ದು ಎಂದು ನನ್ನ ಎಣಿಕೆ. ಹತ್ತಿದ ಮೆಟ್ಟಿಲನ್ನೆಲ್ಲ ಇಳಿದು ಪುನಃ ಹತ್ತಬೇಕಲ್ಲ!

ಈ ನಡುವೆ ಬೆಂಚು ಸುಮ್ಮನಿರಲಿಲ್ಲ. 2019ರ ಆಯ್ಕೆಯಲ್ಲಿ 28ನೆಯವನಾಗಿ ಬಂದ ಜೋರ್ಡನ್ ಪೂಲ್ ಮೊದಲ ವರ್ಷ ತಡವರಿಸಿದ. 2021ರಲ್ಲಿ ಅವನನ್ನು ಕಿರಿಯರ ಲೀಗ್‌ಗೆ ಕಳಿಸಿದರು. ಹುಡುಗ ಮುನಿಸಿಕೊಳ್ಳದೆ ಆಡಿ, ಪಳಗಿ ಬಂದ. ಮುಂದಿನ ಋತುವಿನಲ್ಲಿ ಥಾಂಪ್ಸನ್‌ನ ಜಾಗದಲ್ಲಿ ಆಟ ಆರಂಭಿಸುತ್ತಿದ್ದವನು ಅವನೇ. 2020ರಲ್ಲಿ ಬೇರೆ ತಂಡದಿಂದ ಬಂದ ಆಂಡ್ರ್ಯೂ ವಿಗಿನ್ಸ್ ಎದುರಾಳಿಯ ದೊಡ್ಡ ಆಟಗಾರರನ್ನು ತಡೆಯುವ ಹೊಣೆ ಹೊತ್ತ. ಇನ್ನು ಗ್ಯಾರಿ ಪೇಟನ್ ದ ಸೆಕೆಂಡ್. 2021ರ ಅಕ್ಟೋಬರ್‌ನಲ್ಲಿ ತಂಡ ಅವನನ್ನು ಒಮ್ಮೆ ಕೈಬಿಟ್ಟು, ಕೆಲವೇ ದಿನಗಳಲ್ಲಿ ಮತ್ತೆ ಕರೆದು, ಪಟ್ಟಿಯ ಕೊನೆಯ, 15ನೆಯ ಜಾಗ ಕೊಟ್ಟಿತು.

2022ರ ಜನವರಿ 9ರಂದು, 941 ದಿನಗಳ ನಂತರ, ಥಾಂಪ್ಸನ್ ಅಂಗಳಕ್ಕಿಳಿದ. ಆಟ 48 ನಿಮಿಷದ್ದು. ಅವನನ್ನು ಆಡಿಸಿದ್ದು 20 ನಿಮಿಷ ಮಾತ್ರ. ಅಷ್ಟರಲ್ಲೇ 17 ಅಂಕ ಗಳಿಸಿದ. ಉಳಿದ ನಿಮಿಷಗಳನ್ನು ತುಂಬಲು ಜನರಿದ್ದುದರಿಂದಲೇ ಅವನನ್ನು ಹೀಗೆ ಜೋಪಾನವಾಗಿ ಆಡಿಸಲು ಸಾಧ್ಯವಾಯಿತು. ಪೂಲ್ ಬೆಂಚಿಗೆ ಮರಳಿದ. ಮಾರ್ಚ್‌ನಲ್ಲಿ ಕರಿಯ ಪಾದಕ್ಕೆ ಪೆಟ್ಟಾದಾಗ ಮತ್ತೆ ಎದ್ದು ಬಂದ.

ಆ ವರ್ಷ ಫೈನಲ್‌ನಲ್ಲಿ ಬೋಸ್ಟನ್ ಸೆಲ್ಟಿಕ್ಸ್ ತಂಡವನ್ನು ವಾರಿಯರ್ಸ್ 4-2ರಿಂದ ಸೋಲಿಸಿತು. ಐದನೆಯ ಪಂದ್ಯದಲ್ಲಿ ವಿಗಿನ್ಸ್ 26 ಅಂಕ ಗಳಿಸಿದ. ಪೇಟನ್‌ಗೆ ಮೇ ತಿಂಗಳಲ್ಲಿ ಮೊಣಕೈ ಮುರಿದಿತ್ತು. ಫೈನಲ್‌ನ ಎರಡನೆಯ ಪಂದ್ಯಕ್ಕೆ ಅವನೂ ವಾಪಸಾದ. 15ನೆಯ ಕುರ್ಚಿಯ ಹುಡುಗ ಬೆಂಚಿನಿಂದ ಎದ್ದಾಗ ಸ್ಯಾನ್ ಫ್ರಾನ್ಸಿಸ್ಕೊದ ಜನ ಜೋರಾಗಿ ಕೂಗಿ ಬರಮಾಡಿಕೊಂಡರು.