ಪಾಸ್‌ಪೋರ್ಟಿನ ಜೊತೆಗೆ ಔಷಧಿ ಚೀಟಿ



ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅರವಂಕಾಡಿನ ಒಬ್ಬ ತಾಯಿ ನನ್ನನ್ನು ಕಾಣಲು ಬಂದರು. ಪತಿ ಕಾರ್ಡೈಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗಳು ಶಾರ್ಜಾದಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ಈ ತಾಯಿ ಕೊಯಮತ್ತೂರಿನಿಂದ ಮೊದಲ ಬಾರಿಗೆ ವಿಮಾನ ಹತ್ತಲಿದ್ದರು. "ಆಶೀರ್ವಾದ ಮಾಡಿ ಸ್ವಾಮಿ" ಎಂದರು. ಆಶೀರ್ವದಿಸಿ, "ಮಾತ್ರೆಗಳನ್ನು ಮರೆಯಬೇಡಿ" ಎಂದೆ. ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಫಿಟ್ಸ್ ಮಾತ್ರೆ ಸ್ವಾಮಿ. ಅಳಿಯನಿಗೆ ಗೊತ್ತಿಲ್ಲ. ಯಾರಿಗೂ ತಿಳಿಯದಿರಲಿ ಎಂದು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಿಕೊಂಡಿದ್ದೇನೆ. ಡಾಕ್ಟರ ಚೀಟಿ ಮನೆಯಲ್ಲೇ ಇರುತ್ತದೆ."

ನನಗೆ ಗಾಬರಿಯಾಯಿತು. ಹೆಸರಿಲ್ಲದ ಬಿಡಿ ಮಾತ್ರೆಗಳನ್ನು ವಿಮಾನ ನಿಲ್ದಾಣದ ಅಧಿಕಾರಿ ಏನೆಂದು ತಿಳಿದಾನು?

ಫಿಟ್ಸ್‌ಗೆ ಕೊಡುವ ಕ್ಲೋಬಜಾಮ್, ಫಿನೋಬಾರ್ಬಿಟೋನ್, ನಿದ್ರೆ ಮತ್ತು ಮನಸ್ಸಿನ ಕಳವಳಕ್ಕೆ ಕೊಡುವ ಅಲ್ಪ್ರಜೋಲಾಮ್, ಕ್ಲೋನಜೆಪಾಮ್, ತೀವ್ರ ನೋವಿಗೆ ಕೊಡುವ ಟ್ರಮಡಾಲ್, ಮಾರ್ಫೀನ್ ಇವೆಲ್ಲ ಕಾಯಿಲೆಯವರಿಗೆ ಔಷಧಿ. ದುರುಪಯೋಗಕ್ಕೂ ಒಳಗಾಗುವುದರಿಂದ ಇವುಗಳ ಮೇಲೆ ಸರಕಾರದ ಹತೋಟಿಯಿದೆ. ನಮ್ಮ ದೇಶದಲ್ಲಿ ಇದಕ್ಕೆ 1985ರ ಮಾದಕವಸ್ತು ಕಾಯ್ದೆಯಿದೆ. ಟ್ರಮಡಾಲ್ ಅದರಡಿ ಬಂದದ್ದು 2018ರಲ್ಲಿ. ಇಂಥ ಔಷಧಿಯ ಹೊದಿಕೆಯ ಎಡ ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ 'ಎನ್‌ಆರ್‌ಎಕ್ಸ್' ಎಂಬ ಗುರುತಿರುತ್ತದೆ. ಇಂದೇ ನಿಮ್ಮ ಮನೆಯ ಡಬ್ಬಿಯನ್ನು ನೋಡಿಕೊಳ್ಳಿ. ಆ ಗುರುತಿಲ್ಲದಿದ್ದರೂ ನಿಶ್ಚಿಂತರಾಗಬೇಡಿ. ಒಂದೊಂದು ದೇಶಕ್ಕೆ ಒಂದೊಂದು ನಿಯಮ. ನೆಗಡಿಗೆ ಕೊಡುವ ಕೆಲವು ಮಾತ್ರೆಗಳಿಗೂ ಜಪಾನಿನಲ್ಲಿ ತಡೆಯುಂಟು. ಬಾಣಂತಿಗೆಂದು ಕಟ್ಟಿಕೊಡುವ ಗಸಗಸೆಯನ್ನು ಯುಎಇ, ಸೌದಿಗೆ ಒಯ್ಯುವಂತೆಯೇ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಯುಎಇಗೆ ಹೋಗುವವರು ಹತೋಟಿಯಲ್ಲಿರುವ ಔಷಧಿಗೆ ಅಲ್ಲಿನ ಸರಕಾರದ ಅನುಮತಿಯನ್ನು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪಡೆಯಬೇಕು. ಸಿಂಗಪುರದಲ್ಲೂ ಇಂಥ ಏರ್ಪಾಡಿದೆ. ಬೇರೆ ದೇಶವಾದರೆ ಅದರ ರಾಯಭಾರ ಕಚೇರಿಯನ್ನು ವಿಚಾರಿಸಿ. ದಾರಿಯಲ್ಲಿ ವಿಮಾನ ಬದಲಿಸುವ ದೇಶದ ನಿಯಮವನ್ನೂ ಕೇಳಿ. ಡಾಕ್ಟರಿಂದ ಕಾಯಿಲೆ, ಔಷಧಿಯ ಮೂಲ ಹೆಸರು, ದಿನದ ಪ್ರಮಾಣ ಇವನ್ನು ಸ್ಪಷ್ಟವಾಗಿ ಟೈಪ್ ಮಾಡಿಸಿದ ಇಂಗ್ಲಿಷ್ ಪತ್ರ ತೆಗೆದುಕೊಳ್ಳಿ. ಮಾತ್ರೆ ಸ್ಟ್ರಿಪ್‌ನಲ್ಲೇ ಇರಲಿ, ಅಂಗಡಿಯ ಬಿಲ್ಲಿನೊಡನೆ ಕೈಚೀಲದಲ್ಲಿರಲಿ.

ಹೆಸರಿನ ವಿಷಯದಲ್ಲಿ ನಮ್ಮವರು ಎಡವುತ್ತಾರೆ. ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಮುಂದೆ ಒಂದು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ದೀಕ್ಷಾಸ್ನಾನದ ಹೆಸರು, ಜೊತೆಗೆ ತಂದೆಯದೋ ಗಂಡನದೋ ಪೂರ್ತಿ ಹೆಸರು. ನೋಡುವವರಿಗೆ ಇಬ್ಬರು ಬೇರೆ ಬೇರೆ! ಪಾಸ್‌ಪೋರ್ಟಿನಲ್ಲಿರುವಂತೆಯೇ ಚೀಟಿ ಬರೆಸಿ.

"ನಮ್ಮ ಹುಡುಗನಿಗೆ ಈ ಮಾತ್ರೆ ತಲುಪಿಸಿಬಿಡಿ" ಎಂದು ನೆರೆಯವರು ಕೊಡುವ ಪೊಟ್ಟಣಕ್ಕೆ ಕೈಮುಗಿದು ಬೇಡವೆನ್ನಿ. 2019ರಲ್ಲಿ ಮುಂಬೈಯ ದಂಪತಿ ಬಂಧುವೊಬ್ಬರು ಕೊಟ್ಟ ಪೊಟ್ಟಣದೊಡನೆ ಕತಾರಿಗೆ ಹೋಗಿ ಸಿಕ್ಕಿಬಿದ್ದರು. ಒಳಗಿದ್ದದ್ದು ಚರಸ್. ಹೆಂಡತಿ ಗರ್ಭಿಣಿ, ಮಗು ಹುಟ್ಟಿದ್ದು ಸೆರೆಯಲ್ಲಿ. ನಿರ್ದೋಷಿಗಳೆಂದು ಬಿಡುಗಡೆಯಾದದ್ದು 2021ರಲ್ಲಿ.

ಭಯದಿಂದ ಮಾತ್ರೆಯನ್ನೇ ಬಿಟ್ಟು ಹೋಗುವುದೂ ಸಲ್ಲದು. ಫಿಟ್ಸ್ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಆ ತಾಯಿಗೆ ಅಂದು ಹೇಳಿದೆ: "ಕಾಯಿಲೆ ಪಾಪವಲ್ಲಮ್ಮ. ಮುಚ್ಚಿಟ್ಟರೆ ತೊಂದರೆ." ಅವರು ಡಾಕ್ಟರ ಬಳಿ ಹೋಗಿ ಪತ್ರ ತಂದರು. ಅನುಮತಿಯ ಅರ್ಜಿಯನ್ನು ತುಂಬಲು ಅಳಿಯನೇ ಬೇಕಾಯಿತು, ಹೇಳದೆ ವಿಧಿಯಿರಲಿಲ್ಲ. ಇಷ್ಟು ವರ್ಷ ಹೆದರಿ ಬಚ್ಚಿಟ್ಟ ಮಾತನ್ನು ಕೇಳಿ ಆತ ಅಂದದ್ದು ಇಷ್ಟೇ: "ಅತ್ತೆ, ದಿನಕ್ಕೆ ಎಷ್ಟು ಮಾತ್ರೆ? ಫಾರಂನಲ್ಲಿ ಕೇಳುತ್ತಿದ್ದಾರೆ."

ಈಗ ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡ ಅವರ ಫೋಟೋ ಬಂದಿದೆ. ಹಿಂದಿನ ಕಪಾಟಿನ ಮೇಲೆ ಮಾತ್ರೆಯ ಸ್ಟ್ರಿಪ್ ಎಲ್ಲರಿಗೂ ಕಾಣುವಂತೆ ಇದೆ.