ಕಳೆಯುವ ಲೆಕ್ಕದ ಅಂದಾಜಿಗೆ ಕನ್ನಡ ಬಲ್ಲ ಶಿಕ್ಷಕರೇ ಏಕೆ ಬೇಕು?

ವಿದ್ಯುತ್ ಬಿಲ್ಲಿನಲ್ಲಿ ಹಿಂದಿನ ರೀಡಿಂಗ್ 4872, ಈಗಿನ ರೀಡಿಂಗ್ 5218 ಎಂದಿದೆ ಎಂದುಕೊಳ್ಳೋಣ. ಎರಡು ತಿಂಗಳಲ್ಲಿ ಬಳಸಿದ ಯೂನಿಟ್ ಎಷ್ಟೆಂದು ಮಗುವನ್ನು ಕೇಳಿದರೆ ಅದು ಒಂದರ ಕೆಳಗೊಂದು ಬರೆದು ಕಳೆಯತೊಡಗುತ್ತದೆ. ಎಂಟರಲ್ಲಿ ಎರಡು ಹೋದರೆ ಆರು. ಒಂದರಲ್ಲಿ ಏಳು ಹೋಗದು. ಆದುದರಿಂದ ಏಳರಲ್ಲಿ ಒಂದನ್ನು ಕಳೆದು ಆರು. ನೂರರ ಸ್ಥಾನದಲ್ಲೂ ಹಾಗೆಯೇ ತಿರುವುಮುರುವಾಗಿ ಆರು. ಕೊನೆಗೆ ಐದರಲ್ಲಿ ನಾಲ್ಕು ಹೋಗಿ ಒಂದು. ಉತ್ತರ 1666 ಎಂದು ಬರೆದು ಅಡಿಗೆರೆ ಎಳೆಯುತ್ತದೆ. ಸರಿಯಾದ ಉತ್ತರ 346.

ದಶಕವನ್ನು ಬಿಡಿಸಿ ಕಳೆಯುವ ಕ್ರಮ ಇನ್ನೂ ಅರಗದ ಮಕ್ಕಳು ಎಲ್ಲ ಭಾಷೆಗಳಲ್ಲಿಯೂ ಈ ತಪ್ಪನ್ನು ಮಾಡುತ್ತಾರೆ. ಅದಕ್ಕಾಗಿ ಯಾರೂ ಗಾಬರಿಪಡಬೇಕಾಗಿಲ್ಲ. ಆದರೆ ಐದು ಸಾವಿರದ ಆಸುಪಾಸಿನ ಎರಡು ಸಂಖ್ಯೆಗಳ ನಡುವೆ ಸಾವಿರದ ಆರುನೂರಕ್ಕೂ ಮಿಗಿಲಾದ ಅಂತರ ಬಂದಾಗ ಮಗುವಿಗೆ ಒಂದಿಷ್ಟೂ ಅನುಮಾನ ಹುಟ್ಟದಿದ್ದರೆ, ಅದು ಚಿಂತಿಸಬೇಕಾದ ಸಂಗತಿ. 5218 ಎಂದರೆ ಸುಮಾರು 5200, 4872 ಎಂದರೆ ಸುಮಾರು 4900, ಅಂತರ ಮುನ್ನೂರರ ಹತ್ತಿರ ಇರಬೇಕು ಎಂದು ಮೊದಲೇ ಹೇಳಿಕೊಂಡಿದ್ದ ಮಗು 1666ನ್ನು ಕಂಡೊಡನೆ ಪೆನ್ಸಿಲನ್ನು ಮತ್ತೆ ಎತ್ತಿಕೊಳ್ಳುತ್ತದೆ.

2025ರ ಜನವರಿಯಲ್ಲಿ ಪ್ರಕಟವಾದ ‘ಅಸರ್ 2024’ ವರದಿಯಂತೆ ದೇಶದ ಗ್ರಾಮೀಣ ಭಾಗದ ಮೂರನೆಯ ತರಗತಿಯ ಮಕ್ಕಳಲ್ಲಿ ಕನಿಷ್ಠ ಕಳೆಯುವ ಲೆಕ್ಕವನ್ನಾದರೂ ಮಾಡಬಲ್ಲವರು ಶೇ. 33.7. 2022ರಲ್ಲಿ ಈ ಪ್ರಮಾಣ ಶೇ. 25.9 ಇತ್ತು. ಏರಿಕೆ ಸಂತೋಷದ್ದೇ. ಆದರೆ ಅಲ್ಲಿ ಅಳೆಯುವುದು ದಶಕ ಬಿಡಿಸಿ ಮಾಡುವ ಎರಡಂಕಿಯ ಲೆಕ್ಕದ ನಿಖರ ಉತ್ತರವನ್ನು ಮಾತ್ರ. 2021ರಲ್ಲಿ ಆರಂಭವಾದ ‘ನಿಪುಣ್ ಭಾರತ್’ 2026-27ರೊಳಗೆ ಮೂರನೆಯ ತರಗತಿಯ ಎಲ್ಲ ಮಕ್ಕಳಿಗೂ ಮೂಲಭೂತ ಓದು ಮತ್ತು ಸಂಖ್ಯಾಜ್ಞಾನ ದೊರಕಬೇಕೆಂಬ ಗುರಿಯನ್ನಿರಿಸಿಕೊಂಡಿದೆ. ಗಡುವು ಸಮೀಪಿಸಿದಂತೆ ಶಾಲೆಗಳು ಸುಲಭವಾಗಿ ಎಣಿಸಬಹುದಾದ ಕೌಶಲಗಳತ್ತಲೇ ವಾಲಿ, ಅಂದಾಜು ಹಿಂದಕ್ಕೆ ಸರಿಯಬಹುದೆಂಬ ಶಂಕೆ ನಮ್ಮದು.

ಗಡಿನಾಡಿನ ಕನ್ನಡ ಶಾಲೆಗಳಿಗೆ ಈ ಪ್ರಶ್ನೆ ಇನ್ನೊಂದು ಬಗೆಯಲ್ಲಿ ಮುಖ್ಯವಾಗುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಹುದ್ದೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದ ಪ್ರಕರಣಗಳು ಮತ್ತೆ ಮತ್ತೆ ಪ್ರತಿಭಟನೆಗೆ ಕಾರಣವಾಗಿವೆ. ಆಗೆಲ್ಲ, ಗಣಿತಕ್ಕೆ ಭಾಷೆಯ ಹಂಗೇನು ಎಂಬ ವಾದವೂ ಕೇಳಿಬರುವುದುಂಟು. ಒಂದರ ಕೆಳಗೊಂದು ಬರೆದು ಕಳೆಯುವುದನ್ನು ತುಟಿ ಬಿಚ್ಚದೆ ಕರಿಹಲಗೆಯ ಮೇಲೆ ತೋರಿಸಬಹುದು, ನಿಜ. ಅಂದಾಜನ್ನು ಹಾಗೆ ತೋರಿಸಲಾಗದು. ‘ಹೆಚ್ಚುಕಡಿಮೆ’, ‘ಆಸುಪಾಸು’, ‘ಇಷ್ಟನ್ನು ಮೀರಲಿಕ್ಕಿಲ್ಲ’, ‘ಇಷ್ಟಕ್ಕಂತೂ ಕಡಿಮೆಯಿರದು’ ಎಂಬ ಮಾತುಗಳ ಮೂಲಕವೇ ಆ ಪಾಠ ಸಾಗುತ್ತದೆ. ಮಗು ತನ್ನ ಊಹೆಗೆ ಕಾರಣ ಹೇಳಬೇಕು, ಶಿಕ್ಷಕರು ಅದನ್ನು ಕೇಳಿ ಪ್ರಶ್ನಿಸಬೇಕು. ಮಾತು ತಿಳಿಯದಲ್ಲಿ ಈ ಪಾಠವೇ ಇಲ್ಲ.

ಸಂಖ್ಯೆಗಳ ಹೆಸರುಗಳನ್ನೂ ಗಮನಿಸಬೇಕು. ಕನ್ನಡದಲ್ಲಿ ‘ಅರವತ್ತೇಳು’ ಎಂದಾಗ ಮೊದಲು ಕೇಳಿಸುವುದು ಅರವತ್ತು. ಹಿರಿಯ ಸ್ಥಾನ ಮೊದಲು, ಬಿಡಿ ಆಮೇಲೆ. ಅಂದಾಜಿಗೆ ಬೇಕಾದುದೂ ಇದೇ ಕ್ರಮ. ಮಲಯಾಳದಲ್ಲಿ ಕ್ರಮ ಬೇರೆಯಲ್ಲವಾದರೂ ತೊಂಬತ್ತಕ್ಕೆ ಅಲ್ಲಿ ‘ತೊಣ್ಣೂರ್’, ಒಂಬೈನೂರಕ್ಕೆ ‘ತೊಳ್ಳಾಯಿರಂ’. ತಮಿಳಿನಲ್ಲೂ ಹೆಚ್ಚುಕಡಿಮೆ ಹೀಗೆಯೇ. ತಾಳವಾಡಿ, ಹೊಸೂರುಗಳ ಹೆತ್ತವರಿಗೆ ಇದು ಹೊಸತೇನಲ್ಲ. ಕನ್ನಡದ ಕಿವಿಗೆ ಮೊದಲನೆಯದರಲ್ಲಿ ನೂರು ಕೇಳಿಸುತ್ತದೆ. ಎರಡನೆಯದರ ಬಾಲದಲ್ಲಿರುವ ‘ಆಯಿರಂ’ ಎಂದರೆ ಸಾವಿರ. ನಿಖರ ಲೆಕ್ಕದಲ್ಲಿ ಬರೆದ ಅಂಕಿ ಈ ಗೊಂದಲವನ್ನು ತಿದ್ದುತ್ತದೆ. ಬಾಯಿಲೆಕ್ಕದ ಅಂದಾಜಿನಲ್ಲಿ ತಿದ್ದಲು ಏನೂ ಇರುವುದಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಸ್ಥಿತಿ ಬೇರೆ. ಪೇಟೆಯಲ್ಲಿ ಮಗು ಕೇಳುವ ಮರಾಠಿ ‘ಸದುಸಷ್ಟ’ದಲ್ಲಿ ಏಳು ಮೊದಲು, ಅರವತ್ತು ಆಮೇಲೆ. ಇಂತಹ ಹೆಸರುಗಳ ಬದಲಿಗೆ ಹತ್ತನ್ನು ಮೊದಲು ಹೇಳುವ ಕ್ರಮವನ್ನು 2019ರಲ್ಲಿ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕ ಅಳವಡಿಸಿದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಅವರು ಹೊಸತಾಗಿ ತರಹೊರಟದ್ದು ಕನ್ನಡದ ಮಗುವಿಗೆ ಹುಟ್ಟಿನಿಂದಲೇ ದೊರೆತಿದೆ. ಆದರೂ ಮರಾಠಿಯ ಒಂದು ಸೊಗಸನ್ನು ಮೆಚ್ಚಲೇಬೇಕು: ಇಪ್ಪತ್ತೊಂಬತ್ತಕ್ಕೆ ಅಲ್ಲಿ ‘ಏಕೋಣತೀಸ’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಹತ್ತಿರದ ಹತ್ತಕ್ಕೆ ಒಯ್ಯುವ ಪಾಠ ಹೆಸರಿನಲ್ಲೇ ಅಡಗಿದೆ.

ಇನ್ನು ಕಲಿಸುವ ರೀತಿ. ಐದು ಮತ್ತು ಮೇಲಿದ್ದರೆ ಏರಿಸು, ಕೆಳಗಿದ್ದರೆ ಇಳಿಸು ಎಂಬ ನಿಯಮವನ್ನು ಬಾಯಿಪಾಠ ಮಾಡಿಸಿದರೆ ಸಾಲದು. ಕೂಡುವಾಗ ಒಂದು ಸಂಖ್ಯೆಯನ್ನು ಏರಿಸಿ ಇನ್ನೊಂದನ್ನು ಇಳಿಸಿದರೆ ವ್ಯತ್ಯಾಸ ಒಂದಕ್ಕೊಂದು ಸರಿತೂಗುತ್ತದೆ. ಕಳೆಯುವಾಗ ಇದು ತಲೆಕೆಳಗಾಗುತ್ತದೆ. 652ರಿಂದ 348ನ್ನು ಕಳೆಯಬೇಕು. ಹತ್ತಿರದ ನೂರಕ್ಕೆ ಒಯ್ದರೆ 700ರಿಂದ 300 ಕಳೆದು 400. ನಿಜವಾದ ಉತ್ತರ 304. ಮೇಲಿನದನ್ನು ಹಿಗ್ಗಿಸಿ ಕೆಳಗಿನದನ್ನು ಕುಗ್ಗಿಸಿದ್ದರಿಂದ ಅಂತರ ಎರಡೂ ಕಡೆಯಿಂದ ಬೆಳೆಯಿತು. 687ರಿಂದ 372ನ್ನು ಕಳೆಯುವಾಗ ಎರಡೂ ಮೇಲಕ್ಕೇ ಹೋಗುತ್ತವೆ: 700, 400, ಅಂದಾಜು 300, ನಿಜ ಉತ್ತರ 315. 412ರಿಂದ 387ನ್ನು ನೂರರ ಲೆಕ್ಕದಲ್ಲಿ ಕಳೆದರಂತೂ ಸೊನ್ನೆಯೇ ಉಳಿಯುತ್ತದೆ; ಅಲ್ಲಿ ಹತ್ತಕ್ಕೆ ಒಯ್ಯಬೇಕು, ಆಗ 410ರಿಂದ 390 ಹೋಗಿ 20, ನಿಜ ಉತ್ತರ 25. ಯಾವ ಸ್ಥಾನಕ್ಕೆ ಒಯ್ಯಬೇಕೆಂಬ ಆಯ್ಕೆಯನ್ನು ಮಗುವಿಗೇ ಬಿಡಬೇಕು.

ಉತ್ತರಪತ್ರಿಕೆ ಇದಕ್ಕೆ ಅಡ್ಡ ಬರುತ್ತದೆ. ಅಂದಾಜಿಗೂ ಒಂದೇ ಸರಿಯುತ್ತರವೆಂದು ಗೊತ್ತುಮಾಡಿದರೆ ಜಾಣ ಮಕ್ಕಳು ಮೊದಲು ನಿಖರವಾಗಿ ಕಳೆದು, ಆಮೇಲೆ ಉತ್ತರವನ್ನು ಹತ್ತಿರದ ನೂರಕ್ಕೆ ಒಯ್ದು ‘ಅಂದಾಜು’ ಎಂದು ಬರೆಯುತ್ತಾರೆ. ಅಂಕ ಸಿಗುತ್ತದೆ, ಪಾಠ ಸಿಗುವುದಿಲ್ಲ.

ಪುಸ್ತಕದ ಲೆಕ್ಕ ತಮಗೆ ತಿಳಿಯದೆಂದು ಹಿಂಜರಿಯುವ ಹೆತ್ತವರಿಗೆ ಇಲ್ಲಿ ಮಾಡುವುದಕ್ಕೆ ಬೇಕಾದಷ್ಟಿದೆ. ಅಂಗಡಿಯಲ್ಲಿ 678 ರೂಪಾಯಿಯ ಸಾಮಾನಿಗೆ ಸಾವಿರ ಕೊಟ್ಟಾಗ ಚಿಲ್ಲರೆಯನ್ನು ಯಾರೂ ದಶಕ ಬಿಡಿಸಿ ಎಣಿಸುವುದಿಲ್ಲ. ಎರಡು ಸೇರಿಸಿದರೆ 680, ಇಪ್ಪತ್ತು ಸೇರಿಸಿದರೆ 700, ಮತ್ತೆ ಮುನ್ನೂರು, ಒಟ್ಟು 322. ಹಣ ಕೈಗೆ ಬರುವ ಮೊದಲು ‘ಮುನ್ನೂರಕ್ಕಿಂತ ಹೆಚ್ಚು ಬರಬೇಕೋ, ಕಡಿಮೆಯೋ?’ ಎಂದು ಮಗುವನ್ನು ಕೇಳಿದರೆ ಸಾಕು. ಮನೆಮಾತು ತುಳುವಾದರೆ ತುಳುವಿನಲ್ಲೇ ಕೇಳಬಹುದು. ಹತ್ತು ಮೊದಲು, ಬಿಡಿ ಆಮೇಲೆ ಎಂಬ ಕ್ರಮ ಅಲ್ಲಿಯೂ ಉಂಟು.

ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಕಟ್ಟಡ, ಬಿಸಿಯೂಟ, ಪುಸ್ತಕಗಳ ವಿಷಯ ಮುಗಿದ ಮೇಲೆ ಇನ್ನೊಂದು ಪ್ರಶ್ನೆಗೂ ಸಮಯವಿರಲಿ: 652ರಿಂದ 348ನ್ನು ಅಂದಾಜಿನಲ್ಲಿ ಕಳೆದು ಒಂದು ಮಗು 400 ಎಂದೂ, ಹತ್ತಕ್ಕೆ ಒಯ್ದ ಇನ್ನೊಂದು ಮಗು 300 ಎಂದೂ ಬರೆದರೆ ಅಂಕ ಯಾರಿಗೆ, ಕಾರಣ ಕೇಳುವವರು ಯಾರು, ಯಾವ ಭಾಷೆಯಲ್ಲಿ?